ಒಣಮೀನಿನ ಅಂಗಳದ ಠರಾವು

ಸುಳ್ಳು ಹೇಳಿದವರ ಬಾಯಿ ಆ ಕ್ಷಣವೇ ನಾರುವುದರಿಂದ ನಮ್ಮ ನಗರಸಭೆಯಲ್ಲಿ ಏಲಕ್ಕಿ ಹಂಚುವ ಕೆಲಸವೊಂದಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅದು ಸಿಕ್ಕಿದೆ. ಬಜೆಟ್ ಸಭೆಯ ದಿನ ಎರಡು ಡಬ್ಬ ಬೇಕಾಗುತ್ತದೆ.

ಅಂದು ಬಂದರು ಅಭಿವೃದ್ಧಿಯ ವಿಷಯವಿತ್ತು. ಹೆಂಗಸರು ಮೀನು ಒಣಗಿಸುವ ಅಂಗಳವನ್ನು ತೆಗೆದು, ಅಲ್ಲಿ ಪ್ರವಾಸಿಗರ ಕಾರು ನಿಲ್ಲಿಸುವುದಂತೆ. ನನ್ನ ಅಮ್ಮ ಬದುಕುವುದೇ ಆ ಅಂಗಳದಿಂದ. ಅವಳು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು.

"ನಿಮಗೆ ಇದಕ್ಕಿಂತ ಒಳ್ಳೆ ಜಾಗ ಕೊಡ್ತೇವೆ," ಎಂದರು ಅಧ್ಯಕ್ಷ ಪದ್ಮನಾಭರು.

ಬಾಯಲ್ಲಿ ಏಲಕ್ಕಿಯಿದ್ದರೂ ಮೋರಿಯಲ್ಲಿ ಸತ್ತ ಹೆಗ್ಗಣದ ವಾಸನೆ ಮೇಜಿನುದ್ದಕ್ಕೂ ಹರಡಿತು.

"ಮೀನಿನ ಹೆಂಗಸರು ಒಳಗೆ ಬಂದದ್ದೇ ಬಂದದ್ದು, ಎಂತ ನಾತ ಮಾರಾಯ್ರೆ!" ಎಂದು ಅವರು ಮೂಗು ಮುರಿದರು. ವಾಸನೆ ಇನ್ನೂ ದಟ್ಟವಾಯಿತು.

ಅಮ್ಮ ಎದ್ದು ನಿಂತಳು. "ಮೂವತ್ತು ವರ್ಷ ಮೀನು ಮೂಸಿದ ಮೂಗು ಇದು. ಯಾವ ಮೀನು ಕೊಳೆತ್ರೂ ಹೀಗೆ ನಾರೂದಿಲ್ಲ."

ಸದಸ್ಯರು ನಕ್ಕರು. ಅಧ್ಯಕ್ಷರು ನನ್ನತ್ತ ತಿರುಗಿದರು. "ಇವಳ ಮಗಳನ್ನೇ ಕೇಳುವ. ಹೇಳು ಮಾರಾಯ್ತಿ, ಮೀನಿನ ನಾತ ಅಲ್ವಾ ಇದು?"

ಸಭೆಯಲ್ಲಿ ನಾನು ಯಾವತ್ತೂ ಬಾಯಿ ಬಿಟ್ಟವಳಲ್ಲ.

"ಅಲ್ಲ. ನಿಮ್ಮ ಬಾಯಿದು."

ವಾಡಿಕೆಯಂತೆ ಎಲ್ಲರೂ ಮುಂದೆ ಬಾಗಿ ನನ್ನ ಉಸಿರು ಮೂಸಿದರು. ಬೆಳಗಿನ ಗಂಜಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಆಯ್ತು, ಠರಾವಿಗೆ ಒಪ್ಪಿಗೆ ಇರುವವರು?" ಎಂದರು ಅಧ್ಯಕ್ಷರು.

ಎಲ್ಲರೂ ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು, ಇನ್ನೊಂದು ಕೈ ಎತ್ತಿದರು.