ಮೂರು ಹೆಬ್ಬಾವುಗಳ ಪರೀಕ್ಷೆ

"ಹತ್ತಿರ ಹೋಗಿ ನೋಡು," ಎಂದ ಅಬು ಸಾಲೆಂ.

ಸೇಸಪ್ಪ ಎರಡು ಮಾರು ದೂರದಲ್ಲೇ ನಿಂತ. ಹಸಿರು ಬಟ್ಟೆ ಸರಿಸಿದ ಪೆಟ್ಟಿಗೆಯೊಳಗೆ, ತಂತಿಬಲೆಯ ಹಿಂದೆ, ಹೆಬ್ಬಾವೊಂದು ವಫ್ರಾ ಮರುಭೂಮಿಯ ತೋಟದ ಚಳಿಗಾಲದ ಬಿಸಿಲಿಗೆ ಮೈಯೊಡ್ಡಿ ಮಲಗಿತ್ತು.

"ಹತ್ತಿರ ಹೋಗಬಾರದು ಮುದೀರ್. ಗಾಬರಿಯಾದ್ರೆ ಅದರ ಬಣ್ಣ ಬದಲಾಗ್ತದೆ."

ಹಾಗೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಗಾಬರಿಗೆ ಬಣ್ಣ ಬದಲಾಗಿದ್ದು ಸೇಸಪ್ಪನ ಮುಖದ್ದು.

ಸಬ್ಹಾನ್‌ನ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಅವನ ಸ್ಟೋರ್‌ಕೀಪರ್ ಕೆಲಸ ಹೋದ ವಾರ ಖಲಾಸ್ ಆಗಿತ್ತು. ತಿಂಗಳು ಮುಗಿಯುವುದರೊಳಗೆ ಹೊಸ ಕಫೀಲ್, ಅಂದರೆ ಜಾಮೀನು ನಿಲ್ಲುವ ಧಣಿ, ಸಿಗದಿದ್ದರೆ ಇಲ್ಲಿ ವಾಸಿಸುವ ಪರವಾನಗಿ ಇಕಾಮಾವೂ ಖಲಾಸ್. ಹೆಂಡತಿ ಉಮಾವತಿ, ಶಾಲೆಗೆ ಹೋಗುವ ಮಗಳು, ಎಲ್ಲರೂ ಗಂಟುಮೂಟೆ ಕಟ್ಟಬೇಕು. ಆಗ ಮನೆಗೆ ಬಂದವನು ಉಮ್ಮರಬ್ಬ. ಊರ ಕಡೆಯವನು, ಅಬು ಸಾಲೆಂನ ಡ್ರೈವರ್.

"ನಮ್ಮ ಮುದೀರನಿಗೆ ಒಬ್ಬ ಜನ ಬೇಕಂತೆ ಮಾರಾಯ. ಯಾವ ಕೆಲಸ ಅಂತ ಹೇಳ್ಲಿಲ್ಲ. ಹೆಬ್ಬಾವಿನ ಜಾತಿ ಗೊತ್ತಿರುವವ ಯಾರಾದ್ರೂ ಉಂಟಾ ಅಂತ ಕೇಳಿದ. ನಾನು ನಿನ್ನ ಹೆಸರು ಹೇಳಿಬಿಟ್ಟೆ."

"ಇವರಿಗೆ ಗೋಡೆಯ ಹಲ್ಲಿ ಕಂಡ್ರೇ ಆಗುದಿಲ್ಲ," ಎಂದು ಉಮಾವತಿ ನಕ್ಕಿದ್ದಳು. ಆದರೂ ಎಲ್ಲಿಂದಲೋ ಹಾವುಗಳ ಬಗ್ಗೆ ಬರೆದಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಯೊಂದನ್ನು ಹುಡುಕಿ ತಂದವಳೂ ಅವಳೇ.

ಸೇಸಪ್ಪ ಅದನ್ನು ಬಾಯಿಪಾಠ ಮಾಡಿದ. ಭಾರತದ ಹೆಬ್ಬಾವಿನ ತಲೆಯ ಮೇಲೆ ಬಾಣದಂಥ ಗುರುತು, ಮೂತಿಯ ಕಡೆಗೆ ಮಾಸಿರುತ್ತದೆ. ಬರ್ಮಾದ್ದರಲ್ಲಿ ಅದೇ ಬಾಣ ಕಡುವಾಗಿರುತ್ತದೆ. ಎರಡನ್ನೂ ಮನುಷ್ಯ ಗೂಡಿನಲ್ಲಿಟ್ಟು ಕೂಡಿಸಿದರೆ ಬೆರಕೆ. ಎರಡರ ಸೀಮೆ ಸೇರುವ ಗಡಿಕಾಡಿನಲ್ಲಿ ತಾವಾಗಿಯೇ ಕೂಡಿದರೆ ಅದು ಸಹಜ ಮಿಶ್ರಣ. ಬಣ್ಣ ಮೋಸ ಮಾಡಬಹುದು, ಕಣ್ಣಿನ ಕೆಳಗೆ ನೋಡಿ ಎಂದೂ ಬರೆದಿತ್ತು. ಭಾರತದ್ದಾದರೆ ತುಟಿಯ ಹುರುಪೆಯೊಂದು ಕಣ್ಣಿಗೇ ತಾಗಿರುತ್ತದೆ. ಅದನ್ನು ಕಾಣಬೇಕಾದರೆ ಹಾವಿನ ಮುಖಕ್ಕೆ ಮುಖ ಕೊಡಬೇಕು. ಆ ಸಾಲನ್ನು ಸೇಸಪ್ಪ ಜಾಣತನದಿಂದ ಮರೆತುಬಿಟ್ಟಿದ್ದ.

ಈಗ ಬಿಸಿಲಿನ ಝಳದಲ್ಲಿ ಬಾಣ ಮಾಸಿದಂತೆ ಕಂಡಿತು.

"ಶುದ್ಧ ಭಾರತದ್ದು."

"ಗ್ಯಾರಂಟಿ?"

"ಗ್ಯಾರಂಟಿ."

ಅಬು ಸಾಲೆಂ ಗಡ್ಡ ನೀವಿಕೊಂಡ. ಅವನದು ಹಳೆ ಕಾರುಗಳ ವ್ಯಾಪಾರ. ಎಳವೆಯಲ್ಲಿ ಬೊಂಬಾಯಿಯಲ್ಲಿ ಇದ್ದವನಾದ್ದರಿಂದ ಹಿಂದಿ ನೀರು ಕುಡಿದಷ್ಟು ಸಲೀಸು. "ಕಾರಿಗೆ ಎರಡನೇ ಸಲ ಬಣ್ಣ ಹೊಡೆದಿದ್ದರೆ ನಾನು ಮೂಸಿ ಹೇಳಬಲ್ಲೆ. ಹಾವಿನ ವಿಷಯದಲ್ಲಿ ಕುರುಡ. ಇನ್ನೂ ಎರಡು ಇವೆ. ಮೂರನ್ನೂ ಒಟ್ಟಿಗೆ ತಂದರೆ ಕಚ್ಚಾಡುತ್ತವೆ, ಒಂದೊಂದಾಗಿ ನೋಡು. ಉಮ್ಮರಬ್ಬ, ಯಲ್ಲಾ, ಬೇಗ!"

ಉಮ್ಮರಬ್ಬ ಪೆಟ್ಟಿಗೆ ಹೊತ್ತುಕೊಂಡು ಹೋದ. ಕೆಂಪು ಬಟ್ಟೆ ಮುಚ್ಚಿದ ಪೆಟ್ಟಿಗೆಯೊಂದಿಗೆ ಏದುಸಿರು ಬಿಡುತ್ತ ಬಂದು, ಪಕ್ಕದ ಡೇರೆಯೊಳಗೆ ಇಳಿಸಿ, ಕೆಮ್ಮತೊಡಗಿದ. ಡೇರೆಯ ನೆರಳಿನಲ್ಲಿ ಹಾವಿನ ಮೈ ಕಂದು, ಬಾಣ ಕಡು.

"ಇದು ಬೆರಕೆ ಮುದೀರ್. ಗೂಡಿನಲ್ಲಿ ಹುಟ್ಟಿದ್ದು."

"ಹಾಗಾದರೆ ಇದನ್ನು ಯಾರು ಕೊಳ್ಳುತ್ತಾರೆ?"

ಅಬು ಸಾಲೆಂನ ಮುಖ ಬಾಡಿದ್ದು ಸೇಸಪ್ಪನಿಗೆ ಕಂಡಿತು. ಬೇಸರಗೊಂಡವನು ಇಕಾಮಾ ಕೊಟ್ಟಾನೆಯೇ? "ಬೆರಕೆ ಅಂತ ಹಗುರ ಮಾಡಬೇಡಿ ಮುದೀರ್! ಅಪ್ಪನ ಮೈಕಟ್ಟು, ಅಮ್ಮನ ತಾಳ್ಮೆ. ಬೇರೆಯವರ ಹತ್ತಿರ ಒಂದು ಹಾವು ಇದ್ರೆ ನಿಮ್ಮ ಹತ್ತಿರ ಒಂದರೊಳಗೆ ಎರಡು ಉಂಟು!"

ಉಮ್ಮರಬ್ಬನಿಗೆ ಕೆಮ್ಮು ಜೋರಾಯಿತು. ಮರುಭೂಮಿಯ ಧೂಳು, ಪಾಪ, ಎಂದುಕೊಂಡ ಸೇಸಪ್ಪ.

ಮೂರನೆಯದು ನೀಲಿ ಬಟ್ಟೆ ಹೊದ್ದು ಉಗ್ರಾಣದ ಟ್ಯೂಬ್‌ಲೈಟಿನ ಕೆಳಗೆ ಬಂತು. ಫೋಟೋ ತೆಗೆಸಿಕೊಂಡು ಸುಸ್ತಾದ ಮದುಮಗನಂತೆ ಅದು ತಲೆಯನ್ನೂ ಎತ್ತಲಿಲ್ಲ. ಬಾಣ ಅತ್ತ ಕಡುವೂ ಅಲ್ಲ, ಇತ್ತ ಮಾಸಿದ್ದೂ ಅಲ್ಲ. ಸೇಸಪ್ಪನಿಗೆ ಈಗ ಹುಮ್ಮಸ್ಸೇ ಬಂದಿತ್ತು.

"ಓ, ಇದು ಸಹಜ ಮಿಶ್ರಣ! ಮನುಷ್ಯನ ಕೈ ತಾಗಿದ್ದಲ್ಲ, ಗಡಿಕಾಡಿನಲ್ಲಿ ದೇವರೇ ಕೂಡಿಸಿದ್ದು. ಮೂರರಲ್ಲಿ ಅಪರೂಪದ್ದು ಅಂದ್ರೆ ಇದೇ."

"ಗ್ಯಾರಂಟಿ?"

"ನೂರಕ್ಕೆ ನೂರು!"

ಅಬು ಸಾಲೆಂ ಡ್ರೈವರನಿಗೆ ಕಣ್ಸನ್ನೆ ಮಾಡಿದ. ಉಮ್ಮರಬ್ಬ ತಲೆ ತಗ್ಗಿಸಿಕೊಂಡು ಹೋಗಿ ಹಸಿರು ಬಟ್ಟೆ ತಂದ, ಕೆಂಪು ಬಟ್ಟೆ ತಂದ. ಎರಡನ್ನೂ ನೀಲಿಯದರ ಜೊತೆಗೆ ಅದೇ ಪೆಟ್ಟಿಗೆಯ ಮೇಲೆ ಇಟ್ಟ. ಬೇರೆ ಪೆಟ್ಟಿಗೆ ಇರಲೇ ಇಲ್ಲ.

"ಎಷ್ಟು ಕೆಮ್ಮುದು ಮಾರಾಯ ನಾನು," ಎಂದು ಪಿಸುಗುಟ್ಟಿದ.

ಸೇಸಪ್ಪನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ನಾಚಿಕೆ ಎಷ್ಟಿತ್ತೆಂದರೆ ಹಾವಿನ ಭಯಕ್ಕೆ ಜಾಗವೇ ಉಳಿದಿರಲಿಲ್ಲ. ಇನ್ನು ಕಳೆದುಕೊಳ್ಳಲು ಏನೂ ಇರಲಿಲ್ಲವಲ್ಲ, ಮಂಡಿಯೂರಿ ಬಲೆಗೆ ಮುಖ ಒತ್ತಿ ನೋಡಿದ. ತುಟಿಯ ಹುರುಪೆ ಕಣ್ಣಿಗೇ ತಾಗಿತ್ತು, ಎರಡೂ ಕಡೆ.

"ಭಾರತದ್ದೇ ಮುದೀರ್," ಎಂದ ಮೆಲ್ಲಗೆ. "ಈಗ ನಿಜವಾಗಿ ನೋಡಿದೆ. ತಪ್ಪಾಯ್ತು."

ಉಮಾವತಿಗೆ ಏನೆಂದು ಹೇಳುವುದು ಎಂದು ಯೋಚಿಸುತ್ತ ಬಾಗಿಲ ಕಡೆ ನಡೆದ.

"ಎಲ್ಲಿಗೆ? ಹಾವು ನೋಡಿಕೊಳ್ಳಲು ನನಗೆ ಜನ ಇದ್ದಾರೆ," ಎಂದ ಅಬು ಸಾಲೆಂ. "ಇಕಾಮಾ ನಾನು ಮಾಡಿಸುತ್ತೇನೆ, ನಾಳೆಯಿಂದ ಶೋರೂಮಿಗೆ ಬಾ. ಎರಡು ಕಾರು ಕತ್ತರಿಸಿ ಬೆಸೆದ ಬಿಳಿ ಕಾರೊಂದು ಅಲ್ಲಿ ನಿಂತಿದೆ. ಬಂದವರಿಗೆಲ್ಲ ನಿಜ ಹೇಳುತ್ತೇನೆ, ಯಾರೂ ಕೊಳ್ಳುವುದಿಲ್ಲ."

ಬಾಗಿಲಲ್ಲಿ ನಿಂತವನ ಹೆಗಲ ಮೇಲೆ ಅವನು ಕೈಯಿಟ್ಟ.

"ನೀನೂ ನಿಜವನ್ನೇ ಹೇಳು. ಆದರೆ ಆ ಎರಡನೇ ಹಾವನ್ನು ಹೊಗಳಿದ ಹಾಗೆ ಹೇಳು."