ಮಡಚುವ ಬೆರಳು

ಕೃತಕ ಕೈಕಾಲು ಮಾಡುವ ಕೇಂದ್ರದ ಕೆಲಸಗಾರ ದಾವಲಸಾಬ, ಗುರುಸಿದ್ದನ ಬಲಗೈಯ ಮೊಂಡಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆದ. ಮೂರು ತಿಂಗಳ ಹಿಂದೆ ಆ ಕೈ ಕಬ್ಬಿನ ಗಾಣಕ್ಕೆ ಸಿಕ್ಕಿ ಹೋಗಿತ್ತು. ಎಡಗೈಗೆ ಹುಟ್ಟಿನಿಂದಲೇ ಶಕ್ತಿ ಇರಲಿಲ್ಲ.

ಅಚ್ಚು ಗಟ್ಟಿಯಾಗುವವರೆಗೂ ಗುರುಸಿದ್ದನ ಹೆಂಡತಿ ಕಸ್ತೂರೆವ್ವ ಗೋಡೆಗೊರಗಿ ಕೂತಿದ್ದಳು. ಗಂಡ ಮೈಗೆ ಮೆತ್ತಿದ ಪ್ಲಾಸ್ಟರ್ ತೊಳೆದುಕೊಳ್ಳಲು ನಲ್ಲಿಯ ಕಡೆ ಹೋದಾಗ ದಾವಲಸಾಬ ಎರಡು ಮಾದರಿ ಕೈಗಳನ್ನು ಅವಳ ಮುಂದಿಟ್ಟ.

“ಇದು ಬರೇ ನೋಡಾಕ. ಇದರ ಬೆರಳು ಮಡಚತಾವು. ಎರಡೂ ಪುಕ್ಕಟೆನ. ಮಡಚೂದನ್ನ ಕೊಡ್ತೀನಿ ತಂಗಿ. ಅವ ತಾನ ಉಣ್ಣತಾನ, ನಿನಗೂ ಉಣಿಸೂ ತ್ರಾಸ ತಪ್ಪತೈತಿ.”

“ಉಣಿಸೂದೇನು ತ್ರಾಸಲ್ರೀ ಅಣ್ಣಾರ,” ಎಂದಳು. ಮಡಚುವ ಕೈಯನ್ನು ಎತ್ತಿಕೊಂಡು ಬೆರಳುಗಳನ್ನು ಒಂದೊಂದಾಗಿ ಒಳಕ್ಕೆ ಒತ್ತಿ ನೋಡಿದಳು. “ಮುಷ್ಟಿ ಕಟ್ಟಾಕ ಬರತೈತೇನ್ರಿ?”

“ಬರದ ಏನ? ಗಟ್ಟಿ ಮುಷ್ಟಿ!” ಅವನು ಹೆಮ್ಮೆಯಿಂದ ನಕ್ಕ.

ಅವಳು ಅದನ್ನು ಮೇಜಿನ ಮೇಲೆ ಇಟ್ಟಳು.

“ಹಂಗಾದ್ರ ಬರೇ ನೋಡೂ ಕೈನ ಕೊಡ್ರಿ.”