ಕವುಚಿಟ್ಟ ತಟ್ಟೆ

ಐತಪ್ಪ ಕೈ ತೊಳೆದು ಬರುವಷ್ಟರಲ್ಲಿ ಹೋಟೆಲಿನ ಒಲಿಂಡಾ ಬಾಯಮ್ಮ ಅವನ ಎಂಜಲು ತಟ್ಟೆಯ ಮೇಲೆ ಇನ್ನೊಂದನ್ನು ಕವುಚಿ ಕಿಟಕಿಯ ದಂಡೆಯಲ್ಲಿಟ್ಟಿದ್ದರು.

ಮಂಜೇಶ್ವರದ ಟೈಲರ್ ಅಂಗಡಿಯ ಹಿಂದಿನ ಈ ಬೋರ್ಡಿಲ್ಲದ ಹೋಟೆಲು ಗಲ್ಫಿನವರಿಗಷ್ಟೇ ಗೊತ್ತು. ಬಜ್ಪೆಯಲ್ಲಿ ವಿಮಾನ ಹತ್ತುವ ಮುನ್ನ ಇಲ್ಲಿ ಇಡ್ಲಿಯಂಥ ಸನ್ನ, ಹಂದಿ ಮಾಂಸ ತಿಂದು ಹೋದವರ ತಟ್ಟೆಯನ್ನು, ಅವರು ಅಲ್ಲಿ ಮುಟ್ಟಿದ ಸುದ್ದಿ ಬರುವವರೆಗೆ ಬಾಯಮ್ಮ ತೊಳೆಯುವುದಿಲ್ಲ. ಕುವೈತಿನಲ್ಲಿ ಇಳಿದೊಡನೆ ಐತಪ್ಪ ಮನೆಗಿಂತ ಮೊದಲು ಇಲ್ಲಿಗೇ ಫೋನ್ ಮಾಡುತ್ತಿದ್ದ: "ಬಾಯಮ್ಮಾ, ಮುಟ್ಟಿದೆ. ತೊಳೀರಿ."

"ಮುಟ್ಟಿದ ಕೂಡಲೇ ಫೋನ್ ಮಾಡು ಮಾರಾಯ," ಎಂದರು ಬಾಯಮ್ಮ, ಎಂದಿನಂತೆ.

"ನಾನು ಈಗ ಬಂದದ್ದು ಬಾಯಮ್ಮಾ. ಕೆಲಸ ಬಿಟ್ಟೇ ಬಂದೆ. ಇನ್ನು ಹೋಗ್ಲಿಕ್ಕಿಲ್ಲ."

ಬಾಯಮ್ಮ ಕಿಟಕಿಯತ್ತ ತಿರುಗಿದರು. ಐತಪ್ಪ ಕವುಚಿದ್ದ ಮೇಲಿನ ತಟ್ಟೆಯನ್ನು ಎತ್ತಿಟ್ಟು, ತನ್ನ ತಟ್ಟೆಯನ್ನು ತಾನೇ ನಲ್ಲಿಗೆ ಹಿಡಿದ.